ಕೇಸ್ ಶೀಟಿನಲ್ಲಿ ಜಾಗವಿಲ್ಲದ ಮಾತು

ಆಸ್ಪತ್ರೆಯ ಮಹಿಳಾ ವಾರ್ಡೊಂದನ್ನು ಊಹಿಸಿಕೊಳ್ಳಿ. ಪಾದದ ಹುಣ್ಣು ಮಾಯದೆ ಮಲಗಿರುವ ಅಜ್ಜಿಯ ಹಿಸ್ಟರಿ ತೆಗೆಯುತ್ತಿದ್ದಾಳೆ ಮೂರನೆಯ ವರ್ಷದ ವಿದ್ಯಾರ್ಥಿನಿ. ಮಧುಮೇಹ, 12 ವರ್ಷದಿಂದ. ಇನ್ಸುಲಿನ್ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ. ಕೇಸ್ ಶೀಟ್ ಅಲ್ಲಿಗೆ ಮುಗಿಯಿತು. "ಯಾಕಜ್ಜಿ, ಕಾಲು ಉಳೀಬೇಕು ಅಂತ ಇಲ್ವಾ?" ಎಂದು ಗದರಿದ್ದೂ ಆಯಿತು. ಅಜ್ಜಿ ಗೋಡೆಯ ಕಡೆ ತಿರುಗಿ, "ಫ್ರಿಜ್ ಇರೋದು ಪಕ್ಕದ ಮನೇಲಿ ಕಣವ್ವಾ. ಅವರಿಗೂ ನಮಗೂ ಈಗ ಮಾತಿಲ್ಲ" ಎಂದರು.

ಈ ಮಾತನ್ನು ಎಲ್ಲಿ ಬರೆಯಬೇಕು?

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ 1993ರಲ್ಲಿ ಇದಕ್ಕೊಂದು ಜಾಗ ಮಾಡಿಕೊಟ್ಟರು. ಆಸ್ಪತ್ರೆಯ ದಾಖಲೆಯ ಜೊತೆಗೆ ವಿದ್ಯಾರ್ಥಿಗಳು ಇನ್ನೊಂದನ್ನೂ ಬರೆಯಬೇಕು: ರೋಗಿ ಪಡುತ್ತಿರುವ ಪಾಡು, ಅದನ್ನು ನೋಡಿ ತಮಗೆ ಆದದ್ದು, ದಿನಬಳಕೆಯ ಮಾತಿನಲ್ಲಿ. ಅದಕ್ಕೆ 'ಪ್ಯಾರಲಲ್ ಚಾರ್ಟ್' ಎಂದು ಹೆಸರು. ಬರೆದದ್ದನ್ನು ಸಹಪಾಠಿಗಳ ಪುಟ್ಟ ಗುಂಪಿನಲ್ಲಿ ಗಟ್ಟಿಯಾಗಿ ಓದಬೇಕು. ನನಗೆ ಮುಖ್ಯವೆನಿಸುವುದು ಈ ಓದೇ. ಬರೆಯಲು ಕುಳಿತಾಗ ಕೇಳದೆ ಬಿಟ್ಟ ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಉತ್ತರ ಮಾತ್ರ ಹಲವು ಸಲ ಪಕ್ಕದಲ್ಲಿ ಕುಳಿತವರ ಬಳಿ ಇರುತ್ತದೆ.

ಭಾರತದಲ್ಲೂ 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಹಿಡಿದು ಹೊಸ ಪಠ್ಯಕ್ರಮ ಬಂದಿದೆ. ಮನೋಭಾವ, ನೀತಿ, ಸಂವಹನ ಕಲಿಸುವ ಅದರ 'ಏಟ್‌ಕಾಮ್' ಭಾಗದಲ್ಲಿ ವಿದ್ಯಾರ್ಥಿಗಳು ಅನುಭವದ ಅವಲೋಕನ ಬರೆಯುತ್ತಾರೆ. ಒಳ್ಳೆಯ ಹೆಜ್ಜೆ. ಆದರೆ ಲಾಗ್‌ಬುಕ್ಕಿಗೆ ಸಹಿ ಬಿದ್ದರೆ ಸಾಕು ಎಂಬಂತಾದರೆ ಮಕ್ಕಳು ಮೇಷ್ಟ್ರಿಗೆ ಹಿಡಿಸುವುದನ್ನೇ ಬರೆಯುತ್ತಾರೆ. ತಾನು ಅಜ್ಜಿಗೆ ಗದರಿದೆ ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು, ಕೇಳುವವರ ಮೇಲೆ ನಂಬಿಕೆಯೂ ಬೇಕು. ರೋಗಿಯ ಹೆಸರು, ಗುರುತು ಮಾತ್ರ ಆ ಹಾಳೆಗೆ ಬರಕೂಡದು.

ನಮ್ಮ ವಿದ್ಯಾರ್ಥಿನಿ ತನ್ನ ಹಾಳೆ ಓದಿದಳು ಅನ್ನಿ. ಹಳ್ಳಿಯಿಂದ ಬಂದ ಸಹಪಾಠಿಯೊಬ್ಬ, "ನಮ್ಮಜ್ಜಿ ಇನ್ಸುಲಿನ್ ಸೀಸೆನ ಒದ್ದೆ ಬಟ್ಟೆ ಸುತ್ತಿದ ಮಡಕೇಲಿ ಇಡ್ತಿದ್ರು" ಅನ್ನುತ್ತಾನೆ. ವಿಜ್ಞಾನ ಅವನ ಕಡೆಗಿದೆ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಫ್ರಿಜ್‌ನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಅಲ್ಲಿ ಸಿಗದು; ಆದರೆ ಬಳಕೆಯಲ್ಲಿರುವ ಸೀಸೆಯನ್ನು ಬೇಸಿಗೆಯ ಬಿಸಿಯಿಂದ ಕಾಪಾಡುವಷ್ಟು ತಂಪು ಸಾಮಾನ್ಯವಾಗಿ ಸಿಗುತ್ತದೆ.

ಸಂಜೆ ಅವಳು ಮತ್ತೆ ವಾರ್ಡಿಗೆ ಹೋಗುತ್ತಾಳೆ. ಈ ಸಲ ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ.

"ಅಜ್ಜಿ, ಮನೇಲಿ ಮಣ್ಣಿನ ಮಡಕೆ ಇದ್ಯಾ?"