ಹಳೆಯ ಡೀಸೆಲ್ ಎಂಜಿನಿನ ಜೀರ್ಣೋದ್ಧಾರ: ಸವೆದ ಭಾಗಗಳನ್ನು ಬದಲಾಯಿಸುವ ಕ್ರಮ

ಬಾವಿಯಿಂದ ನೀರೆತ್ತುವುದಕ್ಕೂ ದೋಣಿಗಳನ್ನು ನಡೆಯಿಸುವುದಕ್ಕೂ ಉಪಯೋಗವಾಗುವ ನಿಧಾನಗತಿಯ ಡೀಸೆಲ್ ಎಂಜಿನುಗಳು ಬಹುಕಾಲ ಬಾಳತಕ್ಕವು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಲಿಸ್ಟರ್ ಎಂಜಿನೂ, ಅದರ ಮಾದರಿಯಂತೆ ರಾಜಕೋಟೆಯಲ್ಲಿ ತಯಾರಾದವುಗಳೂ ಈ ಜಾತಿಗೆ ಸೇರಿದವು. ಆದರೂ ಸವೆಯದ ಲೋಹವಿಲ್ಲ. ಎಂಜಿನು ಹೊರಡದೆ ಹಟ ಹಿಡಿದಾಗ ಯಜಮಾನರು ಪೇಟೆಯಿಂದ ಹೊಸ ರಿಂಗುಗಳನ್ನು ಮಾತ್ರ ತರಿಸಿ ಹಾಕಿಸುವುದುಂಟು. ಕೆಲವು ವಾರಗಳಲ್ಲಿ ಅದು ಪುನಃ ಮೊದಲಿನಂತಾಗುವುದು; ಹಾಕಿದ ಹಣವೂ ಹೋಗಿ, ಪೈರು ನೀರಿಗೆ ಬಾಯಿಬಿಡುವ ಸಮಯದಲ್ಲಿ ಯಂತ್ರವು ನಿಲ್ಲುವುದು. ಆದಕಾರಣ ಅಳೆಯದೆ ಯಾವ ಭಾಗವನ್ನೂ ಬದಲಾಯಿಸಕೂಡದೆಂಬುದೇ ಈ ಕೆಲಸದ ಮೊದಲ ನಿಯಮವು.

ಸವೆತದಿಂದಾಗುವ ಹಾನಿ

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು 15ರಿಂದ 20ರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ರಿಂಗುಗಳ ಬಳಿಯಲ್ಲಾಗಲಿ ಕವಾಟಗಳ ಬಳಿಯಲ್ಲಾಗಲಿ ಗಾಳಿಯು ಸೋರಿದರೆ ಈ ಶಾಖವು ಸಾಲದು. ಹೊರಡಲು ಕಷ್ಟ, ನೀಲಿ ಹೊಗೆ, ಕೀಲೆಣ್ಣೆಯ ಅತಿವ್ಯಯ ಇವು ಸವೆತದ ಸಾಮಾನ್ಯ ಲಕ್ಷಣಗಳು. ಕಪ್ಪು ಹೊಗೆಯು ಅತಿಭಾರವನ್ನಾಗಲಿ, ಎಣ್ಣೆ ಸಿಂಪಡಿಸುವ ಇಂಜೆಕ್ಟರಿನ ದೋಷವನ್ನಾಗಲಿ, ಗಾಳಿಯ ಕೊರತೆಯನ್ನಾಗಲಿ ಸೂಚಿಸಬಹುದು.

ಸಿಲಿಂಡರು ಮತ್ತು ರಿಂಗುಗಳು

ಸಿಲಿಂಡರು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಉಷ್ಣವೂ ಒತ್ತಡವೂ ಹೆಚ್ಚು, ಕೀಲೆಣ್ಣೆ ಕಡಿಮೆ. ಆದುದರಿಂದ ಅಲ್ಲಿಯೇ ಸವೆತವು ಅಧಿಕ. ಅದರ ಮೇಲ್ಗಡೆ ಸವೆಯದೆ ಉಳಿದ ಅಂಚು ಏಣಿನಂತೆ ನಿಲ್ಲುವುದು. ಇಂಥ ಸಿಲಿಂಡರಿಗೆ ಹೊಸ ರಿಂಗು ಹಾಕಿದರೆ ಅದು ಆ ಏಣಿಗೆ ತಗುಲಿ ಮುರಿಯಬಹುದು. ಆದಕಾರಣ ಮೇಲೆ, ನಡುವೆ, ಕೆಳಗೆ ಮೂರೆಡೆಗಳಲ್ಲಿಯೂ, ಪ್ರತಿಯೊಂದೆಡೆಯಲ್ಲಿ ಎರಡು ದಿಕ್ಕುಗಳಲ್ಲಿಯೂ ಮೈಕ್ರೋಮೀಟರಿನಿಂದ ಅಳೆಯಿಸಬೇಕು. ಸವೆತವು ತಯಾರಕರು ಗೊತ್ತುಮಾಡಿದ ಮಿತಿಯನ್ನು ಮೀರಿದ್ದರೆ ಲೈನರನ್ನು ಬದಲಾಯಿಸುವುದು, ಇಲ್ಲವೆ ಕೊರೆಯಿಸಿ ದೊಡ್ಡ ಅಳತೆಯ ಪಿಸ್ಟನ್ನನ್ನೂ ರಿಂಗುಗಳನ್ನೂ ಹಾಕಿಸುವುದು ಯುಕ್ತ.

ಹೊಸ ರಿಂಗನ್ನು ಸಿಲಿಂಡರಿನ ಸವೆಯದ ಕೆಳಭಾಗದಲ್ಲಿ ನೇರವಾಗಿ ಕೂರಿಸಿ ಅದರ ಬಾಯಿಯ ಸಂದನ್ನು ನೋಡಬೇಕು. ಸಿಲಿಂಡರಿನ ವ್ಯಾಸದ ಪ್ರತಿ 100 ಮಿಲಿಮೀಟರಿಗೆ 0.3ರಿಂದ 0.4 ಮಿಲಿಮೀಟರು ಸಂದು ಸಾಮಾನ್ಯವಾಗಿ ತಕ್ಕದ್ದು. ಸಂದು ಸಾಲದಿದ್ದರೆ ರಿಂಗು ಕಾದು ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಒತ್ತಿ ಸಿಲಿಂಡರನ್ನು ಗೀರುವುವು. ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿ ಬಾರದಂತೆ ಜೋಡಿಸತಕ್ಕದ್ದು.

ಕ್ರ್ಯಾಂಕು ಮತ್ತು ಬೇರಿಂಗುಗಳು

ಬೇರಿಂಗು ಸಡಿಲವಾದಾಗ ಗುದ್ದಿನ ಶಬ್ದವು ಕೇಳಿಬರುವುದು. ಹೊಸ ಬೇರಿಂಗನ್ನು ಕೊಳ್ಳುವ ಮೊದಲು ಕ್ರ್ಯಾಂಕಿನ ಪಿನ್ನನ್ನು ಅಳೆಯಬೇಕು. ಅದು ಮೊಟ್ಟೆಯಾಕಾರವಾಗಿದ್ದರೆ ಬೇರಿಂಗು ಮಾತ್ರ ಹೊಸದಾಗಿ ಫಲವಿಲ್ಲ. ಪಿನ್ನನ್ನು ಉಜ್ಜಿಸಿ ದುಂಡಗೆ ಮಾಡಿಸಿ, ಅದಕ್ಕೊಪ್ಪುವ ಕಿರಿಯ ಅಳತೆಯ ಬೇರಿಂಗನ್ನು ಹಾಕಬೇಕು.

ಜೋಡಿಯಾಗಿಯೇ ಬದಲಾಯಿಸತಕ್ಕವು

ಇಂಜೆಕ್ಟರಿನ ಮೂತಿಯೂ ಅದರ ಸೂಜಿಯೂ, ಎಣ್ಣೆ ಪಂಪಿನ ಕೊಂತವೂ ಅದರ ಕೊಳವೆಯೂ ಒಂದಕ್ಕೊಂದು ಉಜ್ಜಿ ಹೊಂದಿಸಿದವುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಬದಲಾಯಿಸಕೂಡದು. ಇಂಜೆಕ್ಟರಿನ ಸಿಂಪಡಿಕೆಯನ್ನು ಪರೀಕ್ಷಿಸುವಾಗ ಕೈಯನ್ನು ಅಡ್ಡ ಹಿಡಿಯಲೇಬಾರದು. ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಕ್ಕು ಅಪಾಯವನ್ನುಂಟುಮಾಡುವುದು. ಹಾಗೆಯೇ ಕವಾಟಗಳನ್ನು ಪೀಠಕ್ಕೆ ಉಜ್ಜುವುದಕ್ಕೆ ಮೊದಲು ಅವು ಚಲಿಸುವ ಗೈಡುಗಳನ್ನು ಸರಿಪಡಿಸತಕ್ಕದ್ದು.

ಜೋಡಣೆಯ ಮೇಲಣ ಎಚ್ಚರಿಕೆ

ಪಿಸ್ಟನ್ನಿನ ಮೇಲೆ ಕವಾಟಗಳಿಗೆ ತಗುಲದಂತೆ ಮೆತುವಾದ ಸೀಸದ ತಂತಿಯನ್ನಿಟ್ಟು, ಹೆಡ್ಡನ್ನು ಬಿಗಿದು, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪವನ್ನು ನೋಡಿದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಣ ಎಡೆಯು ತಿಳಿಯುವುದು. ಅದು ತಯಾರಕರ ಕೈಪಿಡಿಯಲ್ಲಿರುವಷ್ಟೇ ಇರಬೇಕು. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯತಕ್ಕದ್ದು. ಮೊದಲ ದಿನಗಳಲ್ಲಿ ಹಗುರವಾದ ಭಾರದಿಂದ ನಡೆಯಿಸಿ, ಬಳಿಕ ಕೀಲೆಣ್ಣೆಯನ್ನು ಬದಲಾಯಿಸಬೇಕು.

ಗಾಳಿ ಸೋಸುವ ಸಾಧನವು ಹಾಳಾಗಿದ್ದರೆ ಧೂಳು ಒಳಹೊಕ್ಕು ಹೊಸ ಭಾಗಗಳನ್ನೂ ಬೇಗನೆ ತಿಂದುಹಾಕುವುದು. ಮೊದಲು ಅದನ್ನು ಸರಿಪಡಿಸಿರಿ. ಮಳೆ ಹಿಡಿದು ಬಾವಿಯ ನೀರು ಬೇಡವಾದ ತಿಂಗಳುಗಳೇ ಎಂಜಿನನ್ನು ಬಿಚ್ಚಿಸುವುದಕ್ಕೆ ಪ್ರಶಸ್ತವಾದ ಕಾಲ. ತೆಗೆದ ಅಳತೆಗಳನ್ನೆಲ್ಲಾ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸಾರಿ ಯಾವ ಭಾಗಕ್ಕೆ ಹಣವನ್ನು ಹಾಕಬೇಕೆಂಬುದನ್ನು ಆ ಪುಸ್ತಕವೇ ಹೇಳುವುದು.