ಪುಕ್ಕಟೆ ಓಟದ ಕೊನೆಯ ಸುತ್ತು

2008ರ ನವೆಂಬರ್ 2, ಭಾನುವಾರ. ಬ್ರೆಜಿಲ್‌ನ ಇಂಟರ್‌ಲಾಗೋಸ್ ಪಥದ ಮೇಲೆ ಮಳೆ ಹನಿಯುತ್ತಿತ್ತು. ಫೆರಾರಿಯ ಫೆಲಿಪೆ ಮಾಸಾ ಮೊದಲಿಗರಾಗಿ ಗೆರೆ ದಾಟಿದ್ದೇ ತಡ, ಅವರ ಮನೆಯವರು ಕುಣಿದಾಡಿದರು. ವಿಶ್ವ ಚಾಂಪಿಯನ್ ಪಟ್ಟ ಕೈಗೆ ಬಂತೆಂದೇ ಅವರ ಎಣಿಕೆ. ಏಕೆಂದರೆ ಆಗ ಬ್ರಿಟನ್‌ನ ಲೂಯಿಸ್ ಹ್ಯಾಮಿಲ್ಟನ್ ಆರನೆಯ ಸ್ಥಾನದಲ್ಲಿದ್ದರು. ಪಟ್ಟಕ್ಕೆ ಅವರಿಗೆ ಐದನೆಯ ಸ್ಥಾನವಾದರೂ ಬೇಕಿತ್ತು. ಆದರೆ ಎದುರಿಗೆ ಒದ್ದೆ ರಸ್ತೆಯಲ್ಲಿ ಒಣ ಹವೆಯ ಟೈರು ಹಾಕಿಕೊಂಡು ತಡವರಿಸುತ್ತಿದ್ದ ಟಿಮೊ ಗ್ಲಾಕ್‌ರ ಟೊಯೋಟಾ ಇತ್ತು. ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಅದನ್ನು ಹಿಂದಿಕ್ಕಿದರು. ಕೇವಲ ಒಂದೇ ಅಂಕದ ಅಂತರದಲ್ಲಿ ಪಟ್ಟ ಅವರದಾಯಿತು.

ಆ ಸಂಜೆ ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ಈ ದೃಶ್ಯವನ್ನು ನೋಡಿದರು. ಓಟದ ಗಂಧಗಾಳಿ ಇಲ್ಲದವರೂ ಟೀವಿ ಹಚ್ಚಿಕೊಂಡು ಕುಳಿತಿದ್ದರು. ಪ್ರಸಾರ ಮಾಡಿದ್ದು ಐಟಿವಿ. ಮನೆಯ ಮೇಲೊಂದು ಆಂಟೆನಾ ಇದ್ದರೆ ಸಾಕು, ಬೇರೇನೂ ಕೊಡಬೇಕಾಗಿರಲಿಲ್ಲ.

ಹನ್ನೊಂದು ವರ್ಷ ಕಳೆಯಿತು. 2019ರ ನವೆಂಬರ್ 3ರಂದು ಅಮೆರಿಕದ ಆಸ್ಟಿನ್‌ನಲ್ಲಿ ಅದೇ ಹ್ಯಾಮಿಲ್ಟನ್ ಆರನೆಯ ಬಾರಿ ವಿಶ್ವ ಚಾಂಪಿಯನ್ ಆದರು. ಅವರಿಗಿಂತ ಮುಂದೆ ಇನ್ನು ಉಳಿದದ್ದು ಏಳು ಪಟ್ಟಗಳ ಮೈಕೆಲ್ ಶುಮಾಕರ್ ಒಬ್ಬರೇ. 2008ಕ್ಕಿಂತ ಎಷ್ಟೋ ಪಾಲು ದೊಡ್ಡ ಸಾಧನೆ. ಆದರೆ ಅವರ ಸ್ವಂತ ದೇಶದಲ್ಲೇ ಅದನ್ನು ನೇರ ಪ್ರಸಾರದಲ್ಲಿ ನೋಡಲು ಸಾಧ್ಯವಾದದ್ದು ಸ್ಕೈ ವಾಹಿನಿಗೆ ತಿಂಗಳ ಚಂದಾ ತೆತ್ತವರಿಗೆ ಮಾತ್ರ. ಉಳಿದವರಿಗೆ ಚಾನೆಲ್ 4ರಲ್ಲಿ ಮುಖ್ಯಾಂಶಗಳು. ಫಲಿತಾಂಶ ಗೊತ್ತಾದ ಮೇಲೆ ಬರುವ ಮುಖ್ಯಾಂಶವೆಂದರೆ ಆರಿದ ಕಾಫಿಯಂತೆ!

ಈ ಎರಡು ಭಾನುವಾರಗಳ ನಡುವೆ ನಡೆದದ್ದಾದರೂ ಏನು?

ಸಿಗರೇಟಿನ ಋಣ

ಫಾರ್ಮುಲಾ ಒನ್ ಓಟ ಬಹುಕಾಲ ಪುಕ್ಕಟೆಯಾಗಿ ಮನೆಮನೆಗೆ ಬಂದದ್ದು ಯಾರದೋ ಔದಾರ್ಯದಿಂದಲ್ಲ. ಅದರ ಖರ್ಚನ್ನು ಬೇರೆಯವರು ಭರಿಸುತ್ತಿದ್ದರು. ಬ್ರಿಟನ್ 1965ರಲ್ಲಿ ಟೆಲಿವಿಷನ್‌ನಲ್ಲಿ ಸಿಗರೇಟು ಜಾಹೀರಾತನ್ನು ನಿಷೇಧಿಸಿತು. ಮೂರೇ ವರ್ಷಕ್ಕೆ, 1968ರಲ್ಲಿ, ಲೋಟಸ್ ತಂಡದ ಕಾರುಗಳು ತಮ್ಮ ಹಸಿರು ಬಣ್ಣ ಕಳಚಿ ಗೋಲ್ಡ್ ಲೀಫ್ ಸಿಗರೇಟು ಪ್ಯಾಕಿನ ಬಣ್ಣ ತೊಟ್ಟು ಪಥಕ್ಕಿಳಿದವು. ಮುಂದೆ ಮೆಕ್‌ಲಾರೆನ್ ಕಾರುಗಳು ಮಾರ್ಲ್‌ಬರೊದ ಕೆಂಪು-ಬಿಳುಪಿಗೆ ತಿರುಗಿದವು. ಮುಂಬಾಗಿಲು ಮುಚ್ಚಿದ್ದರಿಂದ ಸಿಗರೇಟು ಕಂಪೆನಿಗಳು ಹಿತ್ತಿಲ ಬಾಗಿಲಿನಿಂದ ಕಿರುತೆರೆಗೆ ಬಂದವು. ಕಾರಿನ ಮೈಮೇಲೆ ಹೆಸರು ಬರೆಸಲು ಅವು ಹಣ ಸುರಿಯುತ್ತಿದ್ದುದೇ ಕೋಟ್ಯಂತರ ಕಣ್ಣುಗಳಿಗಾಗಿ. ಹೆಚ್ಚು ಜನ ನೋಡಬೇಕಾದರೆ ಪ್ರಸಾರ ಪುಕ್ಕಟೆ ಆಗಿರಲೇಬೇಕು.

ಬಿಬಿಸಿಗೆ ಮಾತ್ರ ಇದು ಇರಿಸುಮುರಿಸಿನ ಸಂಗತಿ. ಜಾಹೀರಾತನ್ನೇ ಹಾಕದ ಸಂಸ್ಥೆಯ ಪರದೆಯ ಮೇಲೆ ಓಡುವ ಜಾಹೀರಾತು ಫಲಕಗಳು! 1976ರಲ್ಲಿ ಜಾನ್ ಸರ್ಟೀಸ್ ತಂಡದ ಕಾರಿನ ಮೇಲೆ ಡ್ಯುರೆಕ್ಸ್ ಕಾಂಡೋಮ್‌ನ ಹೆಸರು ಕಾಣಿಸಿಕೊಂಡಾಗ ಬಿಬಿಸಿ 'ರೇಸ್ ಆಫ್ ಚಾಂಪಿಯನ್ಸ್' ಪಂದ್ಯದ ಪ್ರಸಾರವನ್ನೇ ಕೈಬಿಟ್ಟಿತು. ಆದರೆ ಅದೇ ವರ್ಷ ಜೇಮ್ಸ್ ಹಂಟ್ ಎಂಬ ಸುರದ್ರೂಪಿ ಆಂಗ್ಲ ಯುವಕ ವಿಶ್ವ ಚಾಂಪಿಯನ್ ಆದಾಗ ದೇಶವೇ ಓಟದ ಹುಚ್ಚಿಗೆ ಬಿತ್ತು. 1978ರಿಂದ ಬಿಬಿಸಿಯಲ್ಲಿ 'ಗ್ರ್ಯಾನ್ ಪ್ರಿ' ಕಾರ್ಯಕ್ರಮ ಶುರುವಾಯಿತು. ನಿವೃತ್ತಿಯ ನಂತರ ಹಂಟ್ ಕೂಡ ಮೈಕು ಹಿಡಿದರು. ಪಕ್ಕದಲ್ಲಿ ಮರ್ರೆ ವಾಕರ್. ಒಬ್ಬರದು ಉದ್ವೇಗದಿಂದ ಏರುತ್ತಲೇ ಹೋಗುವ ದನಿ, ಇನ್ನೊಬ್ಬರದು ಯಾರ ಮುಲಾಜೂ ಇಲ್ಲದ ಒಣ ಟೀಕೆ. 1993ರಲ್ಲಿ ಹಂಟ್ ತೀರಿಕೊಳ್ಳುವವರೆಗೆ ಬ್ರಿಟನ್ನಿನ ಭಾನುವಾರಗಳಿಗೆ ಈ ಜೋಡಿಯ ಮಾತೇ ಹಿನ್ನೆಲೆ.

ಎಕ್ಲ್‌ಸ್ಟೋನ್ ಲೆಕ್ಕಾಚಾರ

ತೆರೆಯ ಹಿಂದೆ ಈ ಆಟವನ್ನು ನಡೆಸುತ್ತಿದ್ದವರು ಬರ್ನಿ ಎಕ್ಲ್‌ಸ್ಟೋನ್. ಹಳೆಯ ಮೋಟಾರು ವಾಹನಗಳ ವ್ಯಾಪಾರದಿಂದ ಮೇಲೆ ಬಂದು ಬ್ರಬಾಮ್ ತಂಡದ ಒಡೆಯರಾದ ಈತನಿಗೆ ಒಂದು ಸಂಗತಿ ಉಳಿದೆಲ್ಲರಿಗಿಂತ ಮೊದಲೇ ಹೊಳೆದಿತ್ತು: ನಿಜವಾದ ಆಸ್ತಿ ಕಾರೂ ಅಲ್ಲ, ಪಥವೂ ಅಲ್ಲ, ಚಿತ್ರ. 1981ರ ಕಾಂಕಾರ್ಡ್ ಒಪ್ಪಂದದ ನಂತರ ಪ್ರಸಾರ ಹಕ್ಕಿನ ವ್ಯವಹಾರ ಅವರ ಕೈಗೆ ಬಂತು. ಬೇಕಾದ ಒಂದೆರಡು ಪಂದ್ಯಗಳನ್ನಷ್ಟೇ ಆರಿಸಿಕೊಳ್ಳುತ್ತಿದ್ದ ವಾಹಿನಿಗಳು ಈಗ ಇಡೀ ಋತುವನ್ನು ಒಂದೇ ಗಂಟಾಗಿ ಕೊಳ್ಳಬೇಕಾಯಿತು.

ನೋಡುಗನಿಂದಲೇ ನೇರವಾಗಿ ಹಣ ಪಡೆಯುವ ಪ್ರಯೋಗವನ್ನೂ ಅವರು ಬೇಗನೇ ಮಾಡಿದರು. 1996ರ ಜುಲೈನಲ್ಲಿ ಜರ್ಮನಿಯ ಮಾಧ್ಯಮ ದೊರೆ ಲಿಯೊ ಕಿರ್ಶ್ ಅವರ ಡಿಎಫ್1 ಎಂಬ ಚಂದಾ ವಾಹಿನಿ ಆರಂಭವಾಯಿತು. ಅದರಲ್ಲಿ ಫಾರ್ಮುಲಾ ಒನ್‌ಗೆ ವಿಶೇಷ ಡಿಜಿಟಲ್ ಪ್ರಸಾರ: ಚಾಲಕನ ತಲೆಯ ಪಕ್ಕದ ಕ್ಯಾಮೆರಾ, ಸೇವಾ ತಾಣದ ಕ್ಯಾಮೆರಾ, ಹಿಂದಿನ ಸಾಲಿನ ಹೋರಾಟದ ಚಿತ್ರ, ಬೇಕಾದುದನ್ನು ನೋಡುಗನೇ ಆರಿಸಿಕೊಳ್ಳಬಹುದು. ಕಾಲಕ್ಕಿಂತ ಬಹಳ ಮುಂದಿದ್ದ ಏರ್ಪಾಡು. ಆದರೂ ಅದು 2002ರ ಕೊನೆಗೆ ಕಣ್ಮುಚ್ಚಿತು. ಕಾರಣ ಸರಳ. ಅದೇ ಓಟ ಜರ್ಮನಿಯ ಆರ್‌ಟಿಎಲ್ ವಾಹಿನಿಯಲ್ಲಿ ಪುಕ್ಕಟೆ ಬರುತ್ತಿತ್ತು. ಊರ ಬಾವಿಯಲ್ಲಿ ಸಿಹಿನೀರು ತುಂಬಿರುವಾಗ ಬಾಟಲಿ ನೀರನ್ನು ಕೊಳ್ಳುವವರು ಯಾರು?

ಈ ಸೋಲು ಕಲಿಸಿದ ಪಾಠ ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಬರೆಯಿತು: ಚಂದಾ ವಾಹಿನಿ ಬದುಕಬೇಕಾದರೆ ಮೊದಲು ಬಾವಿಯನ್ನು ಮುಚ್ಚಬೇಕು.

ಬಾವಿ ಮುಚ್ಚಿದ ಬಗೆ

ಬ್ರಿಟನ್ನಿನಲ್ಲಿ 1997ರಲ್ಲಿ ಪ್ರಸಾರ ಬಿಬಿಸಿಯಿಂದ ಐಟಿವಿಗೆ ಹೋಯಿತು. ಆಗಲೂ ನೋಡುಗ ಹಣ ಕೊಡಬೇಕಿರಲಿಲ್ಲ, ಜಾಹೀರಾತು ಸಹಿಸಿಕೊಂಡರೆ ಸಾಕಿತ್ತು. ಆ ಸಹನೆಗೂ ಮಿತಿ ಇತ್ತೆನ್ನಿ. 2005ರಲ್ಲಿ ಇಮೋಲಾದಲ್ಲಿ ಅಲೊನ್ಸೊ ಅವರ ಬೆನ್ನಿಗೆ ಶುಮಾಕರ್ ಅಂಟಿಕೊಂಡಿದ್ದಾಗ, ಓಟ ಇನ್ನೇನು ಮುಗಿಯಬೇಕು ಎನ್ನುವ ಹೊತ್ತಿನಲ್ಲಿ ಐಟಿವಿ ಜಾಹೀರಾತಿಗೆ ಜಿಗಿಯಿತು. ನೋಡುಗರು ಸಿಡಿದೆದ್ದರು, ವಾಹಿನಿ ಕ್ಷಮೆ ಕೇಳಿತು.

ಅದೇ ವರ್ಷ ಹಣದ ಹರಿವೂ ದಿಕ್ಕು ಬದಲಿಸಿತು. 2005ರ ಜುಲೈ ಕೊನೆಯಿಂದ ಐರೋಪ್ಯ ಒಕ್ಕೂಟದಲ್ಲಿ ಸಿಗರೇಟು ಪ್ರಾಯೋಜಕತ್ವಕ್ಕೆ ನಿಷೇಧ ಬಂತು. ಆಮೇಲೆ ಬಂದದ್ದು 2008ರ ಆರ್ಥಿಕ ಕುಸಿತ. ಹೋಂಡಾ ಹೊರಟಿತು, ಮರುವರ್ಷ ಬಿಎಂಡಬ್ಲ್ಯು, ಟೊಯೋಟಾ ಕೂಡ ಗಂಟುಮೂಟೆ ಕಟ್ಟಿದವು. ನೋಡುಗರ ಸಂಖ್ಯೆಗೆ ಬೆಲೆ ಕೊಡುತ್ತಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದಾಗ, ಪ್ರಸಾರ ಹಕ್ಕಿಗೆ ಹೆಚ್ಚು ಹಣ ಕೊಡಬಲ್ಲವರ ಮಾತಿಗೆ ತೂಕ ಬಂತು.

2009ರಲ್ಲಿ ಓಟ ಮತ್ತೆ ಬಿಬಿಸಿಗೆ ಮರಳಿತು. ಮೂರು ವರ್ಷ ನೋಡುಗರ ಪಾಲಿಗೆ ಸುಗ್ಗಿ: ಎಲ್ಲ ಪಂದ್ಯಗಳೂ ನೇರ ಪ್ರಸಾರ, ನಡುವೆ ಒಂದೂ ಜಾಹೀರಾತಿಲ್ಲ. ಆದರೆ ಬಿಬಿಸಿಯ ಜೀವಾಳವಾದ ಟೀವಿ ಪರವಾನಗಿ ಶುಲ್ಕವನ್ನು 2010ರಲ್ಲಿ ಸರ್ಕಾರ ವರ್ಷಕ್ಕೆ 145 ಪೌಂಡು 50 ಪೆನ್ಸ್‌ಗೇ ನಿಲ್ಲಿಸಿಬಿಟ್ಟಿತು. ಖರ್ಚು ಕಡಿಮೆ ಮಾಡಲೇಬೇಕಾಯಿತು. 2011ರ ಜುಲೈ 29ರಂದು, ಹಂಗೆರಿ ಪಂದ್ಯದ ಅಭ್ಯಾಸ ನಡೆದಿದ್ದ ಶುಕ್ರವಾರ, ಸುದ್ದಿ ಹೊರಬಿತ್ತು: ಮರುವರ್ಷದಿಂದ ಎಲ್ಲ ಪಂದ್ಯಗಳೂ ನೇರವಾಗಿ ಬರುವುದು ಸ್ಕೈನಲ್ಲಿ, ಬಿಬಿಸಿಗೆ ಅರ್ಧ ಮಾತ್ರ. 2012ರ 20 ಪಂದ್ಯಗಳಲ್ಲಿ ಹತ್ತು ಹೀಗೆ ಪುಕ್ಕಟೆ ನೋಡುಗನ ಕೈತಪ್ಪಿದವು.

ಆ ಅರ್ಧವೂ ಉಳಿಯಲಿಲ್ಲ. 2015ರ ಡಿಸೆಂಬರಿನಲ್ಲಿ ಬಿಬಿಸಿ ಕರಾರು ಮುಗಿಯಲು ಮೂರು ವರ್ಷ ಇರುವಾಗಲೇ ಕೈಬಿಟ್ಟಿತು. ಚಾನೆಲ್ 4 ಅದರ ಪಾಲನ್ನು ವಹಿಸಿಕೊಂಡಿತು. 2019ರಿಂದ ನೇರ ಪ್ರಸಾರ ಪೂರ್ತಿಯಾಗಿ ಸ್ಕೈ ಪಾಲಾಯಿತು. ಪುಕ್ಕಟೆ ನೋಡುಗನಿಗೆ ಉಳಿದದ್ದು ಸಿಲ್ವರ್‌ಸ್ಟೋನ್‌ನಲ್ಲಿ ನಡೆಯುವ ಬ್ರಿಟಿಷ್ ಗ್ರ್ಯಾನ್ ಪ್ರಿ ಒಂದೇ. ಒಲಿಂಪಿಕ್ಸ್, ವಿಶ್ವಕಪ್ ಫುಟ್‌ಬಾಲ್, ವಿಂಬಲ್ಡನ್ ಫೈನಲ್‌ಗಳಂಥ ಸ್ಪರ್ಧೆಗಳು ಪುಕ್ಕಟೆ ವಾಹಿನಿಗಳಿಗೆ ಸಿಗುವಂತೆ ಕಾಪಾಡುವ ಸರ್ಕಾರಿ ಪಟ್ಟಿಯೊಂದು ಬ್ರಿಟನ್ನಿನಲ್ಲಿದೆ. ಮೋಟಾರು ಓಟಕ್ಕೆ ಅದರಲ್ಲಿ ಜಾಗವಿಲ್ಲ.

ಇದು ಬ್ರಿಟನ್ನಿನ ಕಥೆ ಮಾತ್ರವಲ್ಲ. ಫೆರಾರಿಯ ತವರಾದ ಇಟಲಿಯಲ್ಲಿ 2018ರಲ್ಲಿ ಪ್ರಸಾರ ಸರ್ಕಾರಿ ರಾಯ್ ವಾಹಿನಿಯಿಂದ ಸ್ಕೈ ಕೈಗೆ ಹೋಯಿತು. ಜರ್ಮನಿಯಲ್ಲಿ ಶುಮಾಕರ್ ಮೊದಲ ಪಂದ್ಯ ಓಡಿದ 1991ರಿಂದ ಮೂವತ್ತು ಋತುಗಳನ್ನು ತೋರಿಸಿದ ಆರ್‌ಟಿಎಲ್ 2020ರ ಕೊನೆಗೆ ಜಾಗ ಬಿಟ್ಟುಕೊಟ್ಟಿತು. ಮೋಟಾರ್‌ಸೈಕಲ್ ಓಟದ್ದೂ ಅದೇ ಹಾದಿ. ಬ್ರಿಟನ್ನಿನಲ್ಲಿ ಮೋಟೊ ಜಿಪಿ 2014ರಲ್ಲಿ ಬಿಬಿಸಿಯನ್ನು ತೊರೆದು ಬಿಟಿ ಸ್ಪೋರ್ಟ್‌ಗೆ ಸೇರಿತು.

ಲಾಭ ಯಾರಿಗೆ, ನಷ್ಟ ಯಾರಿಗೆ?

ಹಣ ಕೊಟ್ಟು ನೋಡುವವನಿಗೆ ಮೋಸವಾಗಿದೆ ಎನ್ನುವಂತಿಲ್ಲ. ಫಾರ್ಮುಲಾ ಒನ್‌ಗೇ ಮೀಸಲಾದ ವಾಹಿನಿ, ಅಭ್ಯಾಸದಿಂದ ಹಿಡಿದು ಪಂದ್ಯದವರೆಗೆ ಮೂರು ದಿನಗಳ ಪ್ರಸಾರ, ಮಾಜಿ ಚಾಲಕರ ವಿಶ್ಲೇಷಣೆ; ಇಂಥ ಔತಣವನ್ನು ಪುಕ್ಕಟೆ ವಾಹಿನಿಗಳು ಎಂದೂ ಬಡಿಸಿರಲಿಲ್ಲ. ತಂಡಗಳಿಗೂ ಪಾಲು ಹೆಚ್ಚಿತು. 2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಈ ವ್ಯವಹಾರವನ್ನು ಕೊಂಡ ಮೇಲೆ ಓಟ ಸೊರಗಿದ್ದೂ ಇಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್‌ನ 'ಡ್ರೈವ್ ಟು ಸರ್ವೈವ್' ಸರಣಿ ಬಂದು, ಕಾರು ಓಟದ ಗೊಡವೆಯೇ ಇಲ್ಲದಿದ್ದ ಎಷ್ಟೋ ಯುವಕ ಯುವತಿಯರನ್ನು ಸೆಳೆಯಿತು. ಪುಕ್ಕಟೆ ಪ್ರಸಾರ ನಿಂತರೆ ಆಟವೇ ಸಾಯುತ್ತದೆ ಎಂದವರ ಭವಿಷ್ಯವಾಣಿ ಸುಳ್ಳಾಯಿತು.

ಆದರೆ ನೆಟ್‌ಫ್ಲಿಕ್ಸ್ ಕೂಡ ಚಂದಾ ಬಾಗಿಲೇ. ಕಳೆದುಹೋದವನು ಕಟ್ಟಾ ಅಭಿಮಾನಿಯಲ್ಲ, ಅವನು ಹೊಟ್ಟೆ ಕಟ್ಟಿಯಾದರೂ ಚಂದಾ ಕಟ್ಟುತ್ತಾನೆ. ಕಳೆದುಹೋದವನು ಆಕಸ್ಮಿಕ ನೋಡುಗ: ಭಾನುವಾರದ ಊಟ ಮುಗಿಸಿ ಅಪ್ಪ ಹಚ್ಚಿದ ಟೀವಿಯ ಮುಂದೆ ಸುಮ್ಮನೆ ಹಾದುಹೋಗುತ್ತ, ಒಂದು ಕ್ಷಣ ನಿಂತು, ಹಾಗೆಯೇ ನೆಲದ ಮೇಲೆ ಕುಳಿತುಬಿಡುವ ಹುಡುಗ. ಇಂಥ ನೋಡುಗನನ್ನು ಯಾವ ಚಂದಾ ಪಟ್ಟಿಯೂ ಎಣಿಸಲಾರದು.

ಹ್ಯಾಮಿಲ್ಟನ್ ಬಂದದ್ದು ಸ್ಟೀವನೇಜ್ ಎಂಬ ಪಟ್ಟಣದ ಸಾಮಾನ್ಯ ಮನೆಯಿಂದ. ಮಗನ ಕಾರ್ಟ್ ಓಟದ ಖರ್ಚಿಗಾಗಿ ಅವರ ತಂದೆ ಒಂದಕ್ಕಿಂತ ಹೆಚ್ಚು ಕೆಲಸ ಮಾಡಿದವರು. ಬಾಲಕ ಹ್ಯಾಮಿಲ್ಟನ್‌ರ ಆರಾಧ್ಯ ದೈವ ಅಯರ್ಟನ್ ಸೆನ್ನಾ. ಸೆನ್ನಾ ಓಡಿದ 1984ರಿಂದ 1994ರವರೆಗಿನ ವರ್ಷಗಳು ಬಿಬಿಸಿಯ ವರ್ಷಗಳು. ಅಂಥದೇ ಇನ್ನೊಂದು ಮನೆಯಲ್ಲಿ ಇಂದು ಮೊದಲು ಕಡಿತಗೊಳ್ಳುವ ಖರ್ಚು ಯಾವುದು ಎಂದು ಯೋಚಿಸಿದರೆ ಸಾಕು, ಪ್ರಶ್ನೆಯ ಮರ್ಮ ತಿಳಿಯುತ್ತದೆ.

ಇಂಗ್ಲೆಂಡಿನ ಕ್ರಿಕೆಟ್ಟಿಗೂ ಇದೇ ಅನುಭವ. 2005ರ ಆ್ಯಷಸ್ ಸರಣಿಯನ್ನು ಚಾನೆಲ್ 4ರಲ್ಲಿ ದೇಶವೇ ನೋಡಿ ಮೈಮರೆಯಿತು. 2006ರಿಂದ ತವರಿನ ಟೆಸ್ಟ್‌ಗಳು ಸ್ಕೈ ಪಾಲಾದವು. 2019ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಫೈನಲ್ ತಲುಪಿದಾಗ ಆ ಒಂದು ದಿನಕ್ಕೆ ಸ್ಕೈ ಪ್ರಸಾರವನ್ನು ಚಾನೆಲ್ 4ಕ್ಕೂ ಹಂಚಿತು. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಹ್ಯಾಮಿಲ್ಟನ್ ಮತ್ತು ವೆರ್‌ಸ್ಟಾಪೆನ್ ಸಮಾನ ಅಂಕಗಳೊಂದಿಗೆ ಕೊನೆಯ ಪಂದ್ಯಕ್ಕಿಳಿದಾಗಲೂ ಹೀಗೆಯೇ ಬಾಗಿಲು ತೆರೆಯಿತು. ದೇಶವೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿಯುವ ಗಳಿಗೆಗಳಿರುತ್ತವೆ ಎಂಬುದು ಚಂದಾ ವಾಹಿನಿಗೂ ಗೊತ್ತು. ಆದರೆ ಬಾಗಿಲು ಯಾವಾಗ ತೆರೆಯಬೇಕೆಂಬುದು ಅದರ ಮರ್ಜಿ.

ನಮ್ಮಲ್ಲಿನ ಮಾತು

ಭಾರತದಲ್ಲಿ ಈ ಓಟ ಜನಪ್ರಿಯವಾದದ್ದು ಕೇಬಲ್ ಟೀವಿಯಿಂದ. ಸ್ಟಾರ್ ಸ್ಪೋರ್ಟ್ಸ್ ಹಣದ ವಾಹಿನಿಯೇ ಆಗಿದ್ದರೂ ಧಾರಾವಾಹಿ, ಸಿನಿಮಾಗಳ ಜೊತೆಗೆ ಕೇಬಲ್‌ನವನ ತಿಂಗಳ ಬಾಡಿಗೆಯಲ್ಲೇ ಸೇರಿಹೋಗಿದ್ದರಿಂದ ಅದು ಪುಕ್ಕಟೆಯಂತೆಯೇ ಕಾಣುತ್ತಿತ್ತು. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದಾಗ, 2008ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಪಥಕ್ಕಿಳಿದಾಗ, 2011ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ ನಡೆದಾಗ, ರಿಮೋಟು ಒತ್ತಿದ ಮನೆಗಳೆಲ್ಲ ನೋಡಿದವು. 2022ರ ನಂತರ ಸ್ಟಾರ್ ಹಿಂದೆ ಸರಿಯಿತು. 2023ರಲ್ಲಿ ಯಾವ ವಾಹಿನಿಯೂ ಮುಂದೆ ಬರದೆ, ಫಾರ್ಮುಲಾ ಒನ್ ಸಂಸ್ಥೆಯದೇ ಆದ ಅಂತರ್ಜಾಲ ಸೇವೆಗೆ ಚಂದಾ ಕಟ್ಟಬೇಕಾಯಿತು. 2024ರಲ್ಲಿ ಹಕ್ಕು ಫ್ಯಾನ್‌ಕೋಡ್‌ಗೆ ಹೋಯಿತು. ಹುಡುಕಿಕೊಂಡು ಹೋದವನಿಗೆ ಓಟ ಸಿಗುತ್ತದೆ. ಹುಡುಕಬೇಕೆಂದೇ ತಿಳಿಯದವನಿಗೆ ಇಲ್ಲ.

ಬೆಂಗಳೂರಿನಿಂದ ಹೊರಟು ಫಾರ್ಮುಲಾ-2ರವರೆಗೆ ತಲುಪಿದ ಅರ್ಜುನ್ ಮೈನಿ, ಕುಶ್ ಮೈನಿ ಸೋದರರಂಥವರು ಇನ್ನೂ ಬರಬೇಕಾದರೆ ಹಣ, ಪಥ, ತರಬೇತಿ ಎಲ್ಲವೂ ಬೇಕು. ಅವೆಲ್ಲಕ್ಕಿಂತ ಮೊದಲು ಬೇಕಾದದ್ದು ಓಟವನ್ನು ಕಂಡು ಕಣ್ಣರಳಿಸುವ ಒಂದು ಗಳಿಗೆ.

ರೈತ ಎಷ್ಟೇ ಕಷ್ಟದಲ್ಲಿದ್ದರೂ ಬಿತ್ತನೆ ಬೀಜವನ್ನು ಮಾರುವುದಿಲ್ಲ. ಮಾರಿದ ವರ್ಷ ಕೈಯಲ್ಲಿ ಹಣ ಆಡುತ್ತದೆ, ನಿಜ. ಲೆಕ್ಕ ಸಿಗುವುದು ಮುಂದಿನ ಮುಂಗಾರಿನಲ್ಲಿ.