ಪಟ್ಟಿಗೆ ಸೇರದ ನದಿ, ಲೆಕ್ಕಕ್ಕೆ ಬಾರದ ಕೆರೆ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಹಾಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. 2022ರಲ್ಲಿ ಆ ಗೌರವ ಪಡೆದಿದ್ದ ರಂಗನತಿಟ್ಟನ್ನೂ ಸೇರಿಸಿಕೊಂಡರೆ ರಾಜ್ಯದ ಪಾಲು ನಾಲ್ಕಾಯಿತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಆದ ಈ ಒಪ್ಪಂದಕ್ಕೆ ಭಾರತ ಸೇರಿದ್ದು 1982ರಲ್ಲಿ. ಅಂದರೆ ಕರ್ನಾಟಕದ ಮೊದಲ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ನಲವತ್ತು ವರ್ಷ ಹಿಡಿಯಿತು. ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ಯಾವ ನದಿ, ಯಾವ ಕೆರೆ ಉಳಿಯಲೇಬೇಕು ಎಂದು ನಾವು ಹೇಗೆ ನಿರ್ಧರಿಸುತ್ತಿದ್ದೇವೆ ಎಂಬುದನ್ನು ಪರಿಶೀಲಿಸಿದರೆ ಸಂತೋಷ ಬಹಳ ಹೊತ್ತು ನಿಲ್ಲುವುದಿಲ್ಲ.

ಒಪ್ಪಂದದ ಪ್ರಕಾರ ಜೌಗು ಪ್ರದೇಶವೆಂದರೆ ಕೇವಲ ಕೆಸರು ನೆಲವಲ್ಲ. ಸಹಜವಾಗಿರಲಿ, ಮಾನವ ನಿರ್ಮಿತವಾಗಿರಲಿ, ನೀರು ನಿಂತಿರಲಿ, ಹರಿಯುತ್ತಿರಲಿ, ವರ್ಷವಿಡೀ ಇರಲಿ, ಕೆಲವೇ ತಿಂಗಳು ಇರಲಿ, ಎಲ್ಲವೂ ಆ ವ್ಯಾಖ್ಯೆಗೆ ಒಳಪಡುತ್ತವೆ. ಇಳಿತದ ವೇಳೆಯಲ್ಲಿ ಆರು ಮೀಟರಿಗಿಂತ ಹೆಚ್ಚು ಆಳವಿರದ ಕಡಲ ನೀರೂ ಅದರಲ್ಲಿ ಸೇರಿದೆ. ಇಷ್ಟು ವಿಶಾಲವಾದ ವ್ಯಾಖ್ಯೆಗೆ ಸಹಿ ಹಾಕಿದ ನಾವು, 2017ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳಲ್ಲಿ ನದಿ ಪಾತ್ರಗಳನ್ನೂ ಭತ್ತದ ಗದ್ದೆಗಳನ್ನೂ ಕುಡಿಯುವ ನೀರಿಗಾಗಿ ಕಟ್ಟಿದ ಕೆರೆಗಳನ್ನೂ ನೀರಾವರಿಗಾಗಿ ನಿರ್ಮಿಸಿದ ರಚನೆಗಳನ್ನೂ ಹೊರಗಿಟ್ಟೆವು. ಕರ್ನಾಟಕದ ಸಂದರ್ಭದಲ್ಲಿ ಇದರ ಅರ್ಥವೇನು? ನಮ್ಮಲ್ಲಿರುವ ಮೂವತ್ತಾರು ಸಾವಿರದಷ್ಟು ಕೆರೆಗಳಲ್ಲಿ ಬಹುಪಾಲು ಪೂರ್ವಜರು ನೀರಾವರಿಗೆಂದೇ ಕಟ್ಟಿದವು. ಸಹಜ ಸರೋವರಗಳು ಈ ಪ್ರಸ್ಥಭೂಮಿಯಲ್ಲಿ ಇಲ್ಲವೆಂದರೂ ನಡೆಯುತ್ತದೆ. ನದಿಯನ್ನೂ ಕೆರೆಯನ್ನೂ ಕಳೆದ ಮೇಲೆ ಉಳಿಯುವುದೆಷ್ಟು?

ವಿಚಿತ್ರವೆಂದರೆ ಮಾಗಡಿ, ಅಂಕಸಮುದ್ರ ಎರಡೂ ನೀರಾವರಿ ಕೆರೆಗಳೇ. ರಂಗನತಿಟ್ಟು ಕೂಡ ಪೂರ್ಣ ಪ್ರಕೃತಿದತ್ತವಲ್ಲ. 17ನೇ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಅಲ್ಲಿನ ನಡುಗಡ್ಡೆಗಳು ರೂಪುಗೊಂಡವು. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ರಾಮ್ಸಾರ್ ಪಟ್ಟಿಗೆ ಸೇರಿದ ಜಾಗಗಳಿಗೆ 2017ರ ನಿಯಮಗಳು ಅನ್ವಯಿಸುತ್ತವೆ. ಹೀಗಾಗಿ ನಮ್ಮ ಊರ ಕೆರೆಯೊಂದು ಆ ಕಾನೂನಿನ ನೆರಳಿಗೆ ಬರಬೇಕಾದರೆ ಮೊದಲು ಜಗತ್ಪ್ರಸಿದ್ಧವಾಗಬೇಕು!

ಪ್ರಸಿದ್ಧಿಗೆ ದಾರಿ ಹಕ್ಕಿಗಳದು. ರಾಮ್ಸಾರ್ ಮಾನದಂಡಗಳು ಒಂಬತ್ತು. ಅವುಗಳಲ್ಲಿ ಸುಲಭವಾಗಿ ಎಣಿಕೆಗೆ ಸಿಗುವುದು ಎರಡು: ಇಪ್ಪತ್ತು ಸಾವಿರ ನೀರುಹಕ್ಕಿಗಳಿಗೆ ನಿಯಮಿತವಾಗಿ ಆಸರೆಯಾಗುವುದು, ಅಥವಾ ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇ 1ರಷ್ಟಕ್ಕೆ ನೆಲೆಯಾಗುವುದು. 54 ಹೆಕ್ಟೇರಿನಷ್ಟೇ ಇರುವ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಮಿಸಿ ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಅವುಗಳ ಬದುಕಿಗೆ ಕೆರೆಯಷ್ಟೇ ಹೊಲವೂ ಮುಖ್ಯ. ಪಟ್ಟಿಗೆ ಸೇರಿರುವುದು ಮಾತ್ರ ಕೆರೆ. ಕೊಕ್ಕರೆ ಬೆಳ್ಳೂರಿನ ಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆ ಮರಗಳ ಊರಿಗೆ ಸಮುದಾಯ ಮೀಸಲು ಪ್ರದೇಶವೆಂಬ ಮನ್ನಣೆ ಸಿಕ್ಕಿದೆ. ಅವು ಮೀನು ಹಿಡಿದು ಮರಿಗಳಿಗೆ ತರುವ ಸುತ್ತಲ ಕೆರೆಗಳು ಹಾಗೂ ಶಿಂಷಾ ನದಿ ಅದರ ಹೊರಗಿವೆ. ಮನೆಯನ್ನು ಕಾಯ್ದು ಅಡುಗೆಮನೆಯನ್ನು ಬಿಟ್ಟಂತಾಯಿತು.

ಹಕ್ಕಿ ಕಣ್ಣಿಗೆ ಕಾಣುತ್ತದೆ; ಮೀನು ಕಾಣುವುದಿಲ್ಲ. ಕಾವೇರಿಯ ಬೆನ್ನುಗೂನಿನ ಮಹಶೀರ್ ಮೀನು ಬ್ರಿಟಿಷರ ಕಾಲದಿಂದ ಗಾಳಹಾಕುವವರ ಲೋಕದಲ್ಲಿ ಹೆಸರುವಾಸಿ. ಆದರೂ ಅದರ ಸರಿಯಾದ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಒಂದು ಜೀವಿಗೆ ಹೆಸರೂ ಮರಣಶಾಸನವೂ ಒಟ್ಟಿಗೇ ದೊರೆತ ಉದಾಹರಣೆಗಳು ಹೆಚ್ಚಿರಲಾರವು. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದಲ್ಲಿ ದೇವರ ಮೀನು ಎಂಬ ಭಕ್ತಿ ಮಾಡಿದ ಕೆಲಸವನ್ನು ನಮ್ಮ ನಿಯಮಾವಳಿಗಳು ಇನ್ನೂ ಮಾಡಿಲ್ಲ.

ಎಣಿಕೆಯ ಇನ್ನೊಂದು ಸಾಧನ ಉಪಗ್ರಹ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ 2011ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಅಟ್ಲಾಸ್ 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು ಗುರುತಿಸಿತು. ಎಂ.ಕೆ. ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ಅಷ್ಟಕ್ಕೂ ರಕ್ಷಣೆ ಕೊಡಬೇಕೆಂದು ಹೇಳಿತು. ಹೊಸ ಅಟ್ಲಾಸಿನಲ್ಲಿ ಸಂಖ್ಯೆ 2,31,195ಕ್ಕೆ ಏರಿದೆ. ಅವುಗಳ ಸ್ಥಳ ಪರಿಶೀಲನೆ ಹಾಗೂ ಗಡಿ ಗುರುತಿಸುವ ಕಾರ್ಯವನ್ನು ಮೂರು ತಿಂಗಳಲ್ಲಿ ಮುಗಿಸಿ ಎಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ರಾಜ್ಯಗಳಿಗೆ ಆದೇಶಿಸಬೇಕಾಯಿತು. 2017ರ ನಿಯಮಗಳೇ ರಾಜ್ಯ ಪ್ರಾಧಿಕಾರಗಳಿಗೆ ಪಟ್ಟಿ ತಯಾರಿಸಲು ಮೂರು ತಿಂಗಳು, ಅಧಿಸೂಚಿಸಬೇಕಾದವನ್ನು ಆಯ್ದುಕೊಳ್ಳಲು ಆರು ತಿಂಗಳು ಕೊಟ್ಟಿದ್ದವು ಎಂಬುದನ್ನು ನೆನೆದರೆ ಏಳು ವರ್ಷಗಳ ನಂತರದ ಈ ಆದೇಶದ ಅರ್ಥ ತಿಳಿಯುತ್ತದೆ.

ಉಪಗ್ರಹಕ್ಕೆ ಕಾಣದಿರುವುದೂ ಉಂಟು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಾಡುಗಳಲ್ಲಿ ತೊರೆಗಳ ಉದ್ದಕ್ಕೂ ರಾಮಪತ್ರೆ ಜಡ್ಡಿಗಳಿವೆ. ಸದಾ ನೀರು ಜಿನುಗುವ ಕೆಸರಿನಲ್ಲಿ ಬೇರುಗಳನ್ನು ಮಂಡಿಯಂತೆ ಮೇಲೆತ್ತಿ ನಿಲ್ಲುವ ಮರಗಳ ಈ ಜೌಗುಗಳು ಅತಿ ಪ್ರಾಚೀನ ಸಸ್ಯಕುಲದ ಅವಶೇಷಗಳು. ಕತ್ತಲೆಕಾನಿನ ಹೆಸರನ್ನೇ ಹೊತ್ತ ಒಂದು ಮರದ ಪ್ರಭೇದ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಈ ಜಡ್ಡಿಗಳಲ್ಲಿ ಅನೇಕವು ಒಂದೆರಡು ಎಕರೆಯಷ್ಟೇ ಇವೆ. ಮೇಲೆ ದಟ್ಟ ಹಸಿರಿನ ಮುಚ್ಚಿಗೆ. ಅಟ್ಲಾಸಿನ 2.25 ಹೆಕ್ಟೇರಿನ ಜರಡಿಯಲ್ಲಿ ಅವು ನಿಲ್ಲುವುದಿಲ್ಲ. ತೋಟಕ್ಕೆ ನೀರು ತಿರುಗಿಸಲು ಒಂದು ಅಗಳು ತೋಡಿದರೆ ಸಾಕು, ಜಡ್ಡಿ ಒಣಗುತ್ತದೆ.

ಕಂದಾಯ ಕಡತಗಳೊಡನೆ ವರ್ಷಗಳನ್ನು ಕಳೆದವರಿಗೆ ಇನ್ನೊಂದು ತೊಡಕು ಗೊತ್ತಿರುತ್ತದೆ. ನಮ್ಮ ದಾಖಲೆಗಳಲ್ಲಿ ಕೆರೆ, ಹಳ್ಳ, ರಾಜಕಾಲುವೆಗಳ ನೆಲ ‘ಬಿ ಖರಾಬು’. ಖರಾಬು ಎಂದರೆ ಕೆಟ್ಟದ್ದು. ಕಂದಾಯ ಕೊಡದ ನೆಲ ಕೆಟ್ಟ ನೆಲ ಎಂಬ ಹಳೆಯ ಭೂಮಾಪನದ ತರ್ಕ ಇಂದಿಗೂ ಪಹಣಿಯಲ್ಲಿ ಉಳಿದಿದೆ. ಅದೇ ದಾಖಲೆಯಲ್ಲಿ ‘ತರಿ’ ಎಂದರೆ ಗದ್ದೆ. ಹೊಸ ನಿಯಮ ಹೊರಗಿಟ್ಟಿರುವುದು ಅದನ್ನೇ. ಪರಿಸರ ಇಲಾಖೆಯ ಭಾಷೆಗೂ ಕಂದಾಯ ಇಲಾಖೆಯ ಭಾಷೆಗೂ ಹೊಂದಾಣಿಕೆಯೇ ಇಲ್ಲದಿರುವಾಗ ಅಧಿಸೂಚನೆ ಕಾಗದದ ಮೇಲೇ ಉಳಿಯುತ್ತದೆ. ಒಂದು ಕೆರೆಯನ್ನು ‘ಗುರುತಿಸಲಾಗಿದೆ’ ಎನ್ನಬೇಕಾದರೆ ಸರ್ವೆ ನಂಬರುಗಳು, ಟಿಪ್ಪಣಿ, ಆಕಾರಬಂದಿಯೊಡನೆ ತಾಳೆಯಾಗುವ ವಿಸ್ತೀರ್ಣ, ನೀರು ತರುವ ಹಳ್ಳಗಳ ನಕ್ಷೆ, ಕೋಡಿಯ ಮಟ್ಟ ಇವಿಷ್ಟೂ ಇರಬೇಕು. ಇವಿಲ್ಲದ ಪಟ್ಟಿಯನ್ನು ಒತ್ತುವರಿದಾರನ ವಕೀಲರು ಒಂದು ಬೆಳಿಗ್ಗೆಯಲ್ಲಿ ಹರಿದುಹಾಕುತ್ತಾರೆ.

ಇಷ್ಟೆಲ್ಲ ತೊಡಕುಗಳು ಒಂದೆಡೆ ಕೂಡಿರುವುದು ಅಘನಾಶಿನಿಯಲ್ಲಿ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಸುಮಾರು 120 ಕಿ.ಮೀ. ಉದ್ದದ ಈ ನದಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣವಾಗಿದೆ. ಅಲ್ಲಿ ಕಾಂಡ್ಲಾ ಕಾಡುಗಳಿವೆ. ಗಜನಿ ಭೂಮಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ನೀರಿಗಿಳಿದು ಬಳಚು, ಚಿಪ್ಪೆಕಲ್ಲು ಹೆಕ್ಕುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹದಿನೈದು ವರ್ಷಗಳಿಗೂ ಹಿಂದೆ ಮಾಡಿದ ಅಧ್ಯಯನದ ಪ್ರಕಾರ ಇಲ್ಲಿ ವರ್ಷಕ್ಕೆ ಸಿಗುತ್ತಿದ್ದ ಚಿಪ್ಪುಜೀವಿಗಳು ಸುಮಾರು 22 ಸಾವಿರ ಟನ್. ಎರಡು ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದನ್ನೇ ನಂಬಿದ್ದರು. ಅದಕ್ಕೆ ಬಂಡವಾಳವಿಲ್ಲ, ಸಬ್ಸಿಡಿಯಿಲ್ಲ, ಸಾಲಮನ್ನಾ ಇಲ್ಲ. ಬುಟ್ಟಿ, ದೋಣಿ, ದುಡಿಮೆ ಅಷ್ಟೆ. ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಇಂಥ ಉತ್ಪನ್ನ ಎಷ್ಟರಮಟ್ಟಿಗೆ ನಮೂದಾಗುತ್ತದೆಂಬುದು ಅರ್ಥಶಾಸ್ತ್ರ ಓದಿದವರಿಗೆ ಗೊತ್ತು.

ಈ ಸಂಪತ್ತನ್ನು ಹುಟ್ಟಿಸುತ್ತಿರುವುದು ಉಪ್ಪುನೀರು–ಸಿಹಿನೀರಿನ ಹದ. ಮಳೆಗಾಲದ ನೆರೆ ಗಜನಿಯ ಉಪ್ಪನ್ನು ತೊಳೆಯದಿದ್ದರೆ ಕಗ್ಗ ಬೆಳೆಯದು. ಬೇಸಿಗೆಯಲ್ಲಿ ಕಡಲು ಒಳಗೆ ಬರದಿದ್ದರೆ ಬಳಚು ಉಳಿಯದು. ಹದ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ದಕ್ಷಿಣದ ಪಕ್ಕದಲ್ಲೇ ಇರುವ ಶರಾವತಿ ಅಳಿವೆಗೆ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದು ಬರುತ್ತದೆ. ಉಪ್ಪಿನಂಶ ಕುಗ್ಗಿ ಅಲ್ಲಿನ ಚಿಪ್ಪುಜೀವಿಗಳೂ ಮೀನಿನ ವೈವಿಧ್ಯವೂ ಕ್ಷೀಣಿಸಿದವೆಂದು ಅದೇ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಶರಾವತಿಯಲ್ಲಿ ಸಿಹಿನೀರು ಹೆಚ್ಚಾಯಿತು. ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸಿದರೆ ಕಡಿಮೆಯಾಗುತ್ತದೆ. ಎರಡೂ ಅಳಿವೆಗೆ ವಿಷವೇ.

ಅಘನಾಶಿನಿಯ ಅಳಿವೆಯನ್ನು ಗುರುತಿಸಿ ಅಘನಾಶಿನಿ ನದಿಯನ್ನು ಬಿಟ್ಟದ್ದು ಏಕೆ ಅಪಾಯಕಾರಿ ಎಂಬುದಕ್ಕೆ ಉತ್ತರ ಇಲ್ಲಿದೆ. ಅಳಿವೆ ಪಟ್ಟಿಯಲ್ಲಿದೆ, ಅದಕ್ಕೆ ನೀರು ಕಳುಹಿಸುವ ಪಾತ್ರ ನಿಯಮದ ವ್ಯಾಖ್ಯೆಯಿಂದಲೇ ಹೊರಗಿದೆ. ನದಿ ಜೋಡಣೆಯ ಪ್ರಸ್ತಾವಗಳಲ್ಲಿ ಬೇಡ್ತಿ–ವರದಾ ಜೊತೆಗೆ ಅಘನಾಶಿನಿ–ವೇದಾವತಿಯ ಹೆಸರೂ ಇದೆ. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯನ್ನು ಜನರ ವಿರೋಧ ನಿಲ್ಲಿಸಿತು. ಸ್ಥಾವರ ಅಳಿವೆಯ ದಂಡೆಯ ಮೇಲೆಯೇ ಬರಬೇಕಿತ್ತು, ಆದ್ದರಿಂದ ಕಾಣುತ್ತಿತ್ತು. ಘಟ್ಟದ ಮೇಲೆ ತಿರುವುವ ನೀರು ಬಳಚು ಹೆಕ್ಕುವವರ ಕಣ್ಣಿಗೆ ಬೀಳುವುದಿಲ್ಲ.

‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ವಿಧಾನಸೌಧದಲ್ಲಿ ಪಕ್ಷಭೇದವಿಲ್ಲದೆ ಕೇಳಿಬರುತ್ತದೆ. ಬಯಲುಸೀಮೆಯ ಬಾಯಾರಿಕೆ ನಿಜ. ಅದನ್ನು ಕಂಡವರು ಪರಿಸರದ ಹೆಸರಿನಲ್ಲಿ ಅದನ್ನು ಹಗುರವಾಗಿ ಕಾಣಲಾರರು. ಆದರೆ ಪರಿಹಾರದ ವೆಚ್ಚವನ್ನೂ ನೋಡಬೇಕು. ಪಶ್ಚಿಮಘಟ್ಟದಿಂದ 24 ಟಿಎಂಸಿ ಅಡಿ ನೀರು ತರುವ ಎತ್ತಿನಹೊಳೆ ಯೋಜನೆಯ ಅಂದಾಜು ಆರಂಭದ 8,323 ಕೋಟಿ ರೂಪಾಯಿಯಿಂದ 23,251 ಕೋಟಿಗೆ ಬೆಳೆದಿದೆ. ಈ ವೆಚ್ಚದಲ್ಲಿ ನೇತ್ರಾವತಿಯ ಕೆಳಭಾಗದಲ್ಲಿ ಆಗುವ ನಷ್ಟದ ಬಾಬ್ತು ಸೇರಿಲ್ಲ. ವ್ಯರ್ಥವೆಂದು ಮೊದಲೇ ಕರೆದದ್ದಕ್ಕೆ ಬೆಲೆ ಕಟ್ಟುವವರು ಯಾರು?

ಅಮೆರಿಕ 1968ರಲ್ಲೇ ಕಾನೂನು ಮಾಡಿ, ಆಯ್ದ ನದಿಗಳನ್ನು ಅಣೆಕಟ್ಟೆಯಿಲ್ಲದೆ ಹರಿಯಲು ಬಿಡಬೇಕೆಂದು ನಿರ್ಧರಿಸಿತು. ಅಣೆಕಟ್ಟೆ ಕಟ್ಟುವುದರಲ್ಲಿ ಜಗತ್ತಿಗೇ ಮೇಲ್ಪಂಕ್ತಿಯಾಗಿದ್ದ ದೇಶವದು ಎಂಬುದು ಗಮನಾರ್ಹ. ನಮ್ಮಲ್ಲಿ ಅಂಥ ಕಾನೂನಿಲ್ಲವಾದರೂ ದಾರಿ ಇಲ್ಲದಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36–ಎ ಸೆಕ್ಷನ್ ಸರ್ಕಾರಿ ಸ್ವತ್ತಿನ ಜಾಗವನ್ನು ಸ್ಥಳೀಯರೊಡನೆ ಸಮಾಲೋಚಿಸಿ ಹೀಗೆ ಘೋಷಿಸಲು ಅವಕಾಶ ಕೊಡುತ್ತದೆ. ನದಿ ಪಾತ್ರ ಸರ್ಕಾರದ ಸ್ವತ್ತೇ ತಾನೆ?

ರೈತರ ಆತಂಕವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆರೆಗೆ ಬೋರ್ಡು ಬಿದ್ದ ಮೇಲೆ ತೂಬು ಎತ್ತಲು ಬಿಡುತ್ತಾರೆಯೇ, ಹೂಳು ತೆಗೆಯಬಹುದೇ, ಮೀನು ಗುತ್ತಿಗೆ ನಿಲ್ಲುತ್ತದೆಯೇ, ಹಕ್ಕಿ ತಿಂದ ಶೇಂಗಾಕ್ಕೆ ಹಣ ಯಾರು ಕೊಡುತ್ತಾರೆ ಎಂದು ಕೇಳುವವರು ಪರಿಸರ ವಿರೋಧಿಗಳಲ್ಲ. ಕೆರೆಯನ್ನು ಇದುವರೆಗೆ ಉಳಿಸಿಕೊಂಡವರೇ ಅವರು. ಮಾಗಡಿಗೆ ಹೆಬ್ಬಾತು ಬರುತ್ತಿರುವುದು ರೈತರು ಕೆರೆಯನ್ನೂ ಹೊಲವನ್ನೂ ಉಪಯೋಗಿಸುತ್ತಿದ್ದಾರೆಂಬ ಕಾರಣಕ್ಕೇ. 36–ಬಿ ಸೆಕ್ಷನ್ನಿನ ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದಿದೆ. ತೂಬು, ಹೂಳು, ಮೀನು, ಬೆಳೆನಷ್ಟ ಈ ನಾಲ್ಕರ ಬಗೆಗಿನ ತೀರ್ಮಾನವನ್ನು ಆ ಸಮಿತಿ ಅಧಿಸೂಚನೆಗೆ ಮೊದಲೇ ಲಿಖಿತವಾಗಿ ಕೊಡಬೇಕು, ಆಮೇಲಲ್ಲ.

ಹಣದ ಹಂಚಿಕೆಯಲ್ಲೂ ಆದ್ಯತೆ ಬದಲಾಗಬೇಕು. ಬೆಳ್ಳಂದೂರಿನ ನೊರೆ, ಬೆಂಕಿ ರಾಷ್ಟ್ರೀಯ ಸುದ್ದಿಯಾದ ಮೇಲೆ ಕೆರೆ ಸಂರಕ್ಷಣೆ ಎಂದರೆ ಬೆಂಗಳೂರಿನ ಕೆರೆಗಳ ಪುನಶ್ಚೇತನ ಎಂಬಂತಾಗಿದೆ. ಕೆಟ್ಟ ಕೆರೆಯನ್ನು ಸರಿಪಡಿಸಲು ತಗಲುವ ಹಣದ ಸಣ್ಣ ಪಾಲಿನಲ್ಲಿ ಕೆಡದ ನದಿಯೊಂದನ್ನು ಕಾಯಬಹುದು. ಒಂದು ರೂಪಾಯಿ ಎಲ್ಲಿ ಹೆಚ್ಚು ಫಲ ಕೊಡುತ್ತದೋ ಅಲ್ಲಿ ಮೊದಲು ಖರ್ಚಾಗಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠ; ನಗರದ ಮತದಾರರು ಅದನ್ನು ಒಪ್ಪುವುದು ಕಷ್ಟವೆಂಬುದೂ ಗೊತ್ತಿರುವುದೇ.

ಸಾವಿರಾರು ಹೆಸರುಗಳ ಉದ್ದ ಪಟ್ಟಿ ಬೇಡ. ಮೊದಲ ಕಂತಿನಲ್ಲಿ ಅಘನಾಶಿನಿಯನ್ನು ಮೂಲದಿಂದ ಅಳಿವೆಯವರೆಗೆ ಒಂದೇ ಘಟಕವಾಗಿ ತೆಗೆದುಕೊಂಡು, ತಿಂಗಳುವಾರು ಎಷ್ಟು ನೀರು ಕಡಲು ಸೇರಲೇಬೇಕೆಂಬುದನ್ನು ಕ್ಯುಸೆಕ್ಸಿನಲ್ಲಿ ನಿಗದಿಪಡಿಸಿ ಅಧಿಸೂಚನೆಯಲ್ಲೇ ನಮೂದಿಸಲಿ. ಅದರ ಜಲಾನಯನದ ಜಡ್ಡಿಗಳನ್ನು ಅರಣ್ಯ ಸಿಬ್ಬಂದಿ ಕಾಲ್ನಡಿಗೆಯಲ್ಲಿ ಗುರುತಿಸಿ ನಕ್ಷೆಗೆ ಏರಿಸಲಿ. ಕೊಕ್ಕರೆ ಬೆಳ್ಳೂರಿನ ಸುತ್ತಲ ಕೆರೆಗಳನ್ನು ಒಂದು ಗುಂಪಾಗಿ ಪರಿಗಣಿಸಿ ಮಂಡ್ಯ ಜಿಲ್ಲಾಡಳಿತ ಸರ್ವೆ ಮುಗಿಸಲಿ. ನೀರಾವರಿ ಕೆರೆಗಳನ್ನು ಹೊರಗಿಟ್ಟ ಕೇಂದ್ರದ ವ್ಯಾಖ್ಯೆಗೆ ತಿದ್ದುಪಡಿ ಕೇಳಿ ಪತ್ರ ಬರೆಯಬೇಕಾದದ್ದು ರಾಜ್ಯ ಸರ್ಕಾರ. ಕೆರೆಗಳ ನಾಡೆಂದು ಕರೆದುಕೊಳ್ಳುವ ಕರ್ನಾಟಕವೇ ಕೇಳದಿದ್ದರೆ ರಾಜಸ್ಥಾನ ಕೇಳಲೆಂದು ಕಾಯುವಂತಿಲ್ಲ. ಅಲ್ಲಿಯವರೆಗೆ ಜಿಲ್ಲಾಧಿಕಾರಿಗಳು ಮಾಡಬಹುದಾದ ಕೆಲಸವೊಂದಿದೆ: ಹಕ್ಕಿ, ಮೀನು ಇರುವ ಪ್ರತಿ ಕೆರೆಯ ಪಹಣಿಯಲ್ಲಿ, ಬಿ ಖರಾಬು ಎಂಬ ನಮೂದಿನ ಕೆಳಗೆ, ಅದು ಏನೆಂಬುದನ್ನು ಷರಾ ಕಲಮಿನಲ್ಲಿ ಬರೆಸುವುದು. ಇದಕ್ಕೆ ಸುಪ್ರೀಂ ಕೋರ್ಟಿನ ಆದೇಶವೂ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ.